ವಿದೇಶದಲ್ಲಿ ಕಲಿತ ವೃತ್ತಿಯಲ್ಲೇ ಉದ್ಯೋಗ: ಹೊರಡುವ ಮುನ್ನ ತಿಳಿಯಬೇಕಾದ ಅಂಶಗಳು

ಪೀಠಿಕೆ

ಕಲಬುರಗಿ ನಗರಕ್ಕೆ ಹೊಂದಿಕೊಂಡಿರುವ ಕುಸನೂರ ಮತ್ತು ಅದರ ಸುತ್ತಲಿನ ಪ್ರದೇಶವು ಉನ್ನತ ಶಿಕ್ಷಣ ಕೇಂದ್ರಗಳ ನೆರೆಯಲ್ಲಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣವು ಇಲ್ಲಿಗೆ ಸಮೀಪವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರವು ಕುಸನೂರ ರಸ್ತೆಯಲ್ಲಿದೆ. ನಗರದಲ್ಲಿ 1958ರಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜು ಹಾಗೂ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಪ್ರಾರಂಭವಾದವು. ನಂತರದ ವರ್ಷಗಳಲ್ಲಿ ಅನೇಕ ನರ್ಸಿಂಗ್ ಕಾಲೇಜುಗಳು ಸ್ಥಾಪನೆಗೊಂಡಿವೆ. ಈ ಸಂಸ್ಥೆಗಳಲ್ಲಿ ವ್ಯಾಸಂಗ ಮಾಡಿದ ವೈದ್ಯರು, ನರ್ಸ್‌ಗಳು ಹಾಗೂ ಇಂಜಿನಿಯರರ ಪೈಕಿ ಕೆಲವರು ಕೊಲ್ಲಿ ರಾಷ್ಟ್ರಗಳು, ಬ್ರಿಟನ್, ಜರ್ಮನಿ, ಕೆನಡಾ, ಅಮೆರಿಕ ಮತ್ತು ಆಸ್ಟ್ರೇಲಿಯಾಗಳಿಗೆ ಉದ್ಯೋಗಕ್ಕಾಗಿ ತೆರಳುತ್ತಾರೆ.

ಹೀಗೆ ತೆರಳುವವರು ಮೊದಲು ಮನಗಾಣಬೇಕಾದ ಸಂಗತಿ ಒಂದಿದೆ. ವೀಸಾ ಎಂಬುದು ಒಂದು ದೇಶವನ್ನು ಪ್ರವೇಶಿಸಿ ಅಲ್ಲಿ ನೆಲೆಸಲು ದೊರೆಯುವ ಅನುಮತಿ. ಆ ದೇಶದಲ್ಲಿ ವೈದ್ಯರಾಗಿ, ನರ್ಸ್ ಆಗಿ ಅಥವಾ ಇಂಜಿನಿಯರ್ ಆಗಿ ವೃತ್ತಿ ನಡೆಸುವ ಪರವಾನಗಿಯು ಅದಕ್ಕಿಂತ ಬೇರೆ. ಇವೆರಡನ್ನೂ ಸಾಮಾನ್ಯವಾಗಿ ಬೇರೆ ಬೇರೆ ಸಂಸ್ಥೆಗಳು ನೀಡುತ್ತವೆ. ಒಂದು ದೊರೆತ ಮಾತ್ರಕ್ಕೆ ಮತ್ತೊಂದು ತಾನಾಗಿ ದೊರೆಯುವುದಿಲ್ಲ. ಈ ವ್ಯತ್ಯಾಸವನ್ನು ಅರಿಯದೆ ಸಾಲ ಮಾಡಿ ಹೊರಟವರು ಪರವಾನಗಿಗಾಗಿ ವರ್ಷಗಟ್ಟಲೆ ಕಾಯುತ್ತಾ ಉಗ್ರಾಣ, ಅಂಗಡಿ ಅಥವಾ ಟ್ಯಾಕ್ಸಿ ಕೆಲಸದಲ್ಲಿ ಉಳಿದುಬಿಡುವುದುಂಟು. ಆ ಅವಧಿಯಲ್ಲಿ ಸಾಲದ ಬಡ್ಡಿ ಬೆಳೆಯುತ್ತದೆ. ಅಭ್ಯಾಸ ತಪ್ಪಿದ ಕೌಶಲ್ಯವೂ ಮಂಕಾಗುತ್ತದೆ. ಪರವಾನಗಿಗೆ ಬೇಕಾದ ಸಿದ್ಧತೆಯ ಬಹುಪಾಲನ್ನು ಊರಿನಲ್ಲಿ ಇದ್ದುಕೊಂಡೇ, ಕಡಿಮೆ ವೆಚ್ಚದಲ್ಲಿ ಪೂರೈಸಬಹುದು.

ನಿಯಂತ್ರಿತ ವೃತ್ತಿಗಳು ಮತ್ತು ಇತರ ವೃತ್ತಿಗಳು

ಅಭ್ಯರ್ಥಿಯು ತನ್ನ ವೃತ್ತಿಯು ಹೋಗಲಿರುವ ದೇಶದಲ್ಲಿ ಕಾನೂನಿನಿಂದ ನಿಯಂತ್ರಿತವಾಗಿದೆಯೇ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ವೈದ್ಯಕೀಯ, ನರ್ಸಿಂಗ್, ಔಷಧಶಾಸ್ತ್ರ, ದಂತವೈದ್ಯಕೀಯ ಮತ್ತು ವಕೀಲಿ ವೃತ್ತಿಗಳು ಬಹುತೇಕ ಎಲ್ಲ ದೇಶಗಳಲ್ಲೂ ನಿಯಂತ್ರಿತವಾಗಿವೆ. ಇವುಗಳಲ್ಲಿ ನೋಂದಣಿ ಇಲ್ಲದೆ ವೃತ್ತಿ ನಡೆಸುವುದು ಅಪರಾಧವಾಗುತ್ತದೆ. ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಇಂತಹ ಪರವಾನಗಿ ಇರುವುದಿಲ್ಲ. ಉದ್ಯೋಗದಾತರ ಆಯ್ಕೆಯೇ ಅಂತಿಮ. ಇಂಜಿನಿಯರಿಂಗ್ ವೃತ್ತಿಯ ಸ್ಥಿತಿಯು ದೇಶದಿಂದ ದೇಶಕ್ಕೆ ಭಿನ್ನವಾಗಿದೆ. ಕೆನಡಾದಲ್ಲಿ ವೃತ್ತಿಪರ ಇಂಜಿನಿಯರ್ ಎಂಬ ಪರವಾನಗಿಯನ್ನು ಆಯಾ ಪ್ರಾಂತ್ಯದ ಸಂಸ್ಥೆಯೇ ನೀಡುತ್ತದೆ.

ಕೆನಡಾಕ್ಕೆ ವಲಸೆ ಹೋಗುವವರು ಪಡೆಯುವ ಶೈಕ್ಷಣಿಕ ಅರ್ಹತೆಯ ಮೌಲ್ಯಮಾಪನ ವರದಿಯು ವಲಸೆಯ ಅಂಕಗಳಿಗಾಗಿ ಮಾತ್ರ ಉಪಯುಕ್ತವಾಗಿದೆ. ನಿಯಂತ್ರಿತ ವೃತ್ತಿಯಲ್ಲಿ ಪರವಾನಗಿ ದೊರೆಯುವುದೆಂಬ ಭರವಸೆಯನ್ನು ಅದು ನೀಡುವುದಿಲ್ಲ. ಈ ವರದಿಯನ್ನೇ ಪರವಾನಗಿ ಎಂದು ಭಾವಿಸಬಾರದು.

ಒಂದೇ ಕಾಲೇಜು, ಮೂರು ವಿಶ್ವವಿದ್ಯಾಲಯ

ವಿದೇಶಿ ಸಂಸ್ಥೆಗಳು ಅಭ್ಯರ್ಥಿ ಸಲ್ಲಿಸಿದ ಪ್ರಮಾಣಪತ್ರವನ್ನು ನೋಡಿ ತೃಪ್ತವಾಗುವುದಿಲ್ಲ. ಅದನ್ನು ನೀಡಿದ ವಿಶ್ವವಿದ್ಯಾಲಯ ಅಥವಾ ಮಂಡಳಿಯನ್ನು ನೇರವಾಗಿ ಸಂಪರ್ಕಿಸಿ ಪರಿಶೀಲಿಸುತ್ತವೆ. ಇದಕ್ಕೆ ಮೂಲ ಪರಿಶೀಲನೆ ಎನ್ನುತ್ತಾರೆ. ಆದುದರಿಂದ ಪದವಿಯನ್ನು ಪ್ರದಾನ ಮಾಡಿದ ಸಂಸ್ಥೆ ಯಾವುದು ಎಂಬುದನ್ನು ಸರಿಯಾಗಿ ನಮೂದಿಸುವುದು ಅಗತ್ಯ.

ಕಲಬುರಗಿಯಲ್ಲಿ ಈ ವಿಷಯವು ವಿಶೇಷ ಗಮನವನ್ನು ಬೇಡುತ್ತದೆ. ನಗರದ ಹಳೆಯ ವೃತ್ತಿಶಿಕ್ಷಣ ಕಾಲೇಜುಗಳು ಪ್ರಾರಂಭದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಸ್ಥಾಪನೆಯಾದ ನಂತರ ಅದರ ವ್ಯಾಪ್ತಿಗೆ ಬಂದವು. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ, 1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಸ್ಥಾಪನೆಗೊಂಡು, ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳು ಕ್ರಮವಾಗಿ ಅವುಗಳಿಗೆ ಸೇರಿದವು. ಹೀಗಾಗಿ ಒಂದೇ ಕಾಲೇಜಿನಲ್ಲಿ ಓದಿದ ತಂದೆ, ಮಗ ಇಬ್ಬರ ದಾಖಲೆಗಳು ಬೇರೆ ಬೇರೆ ಊರುಗಳಲ್ಲಿ ಇರಬಹುದು. ಬದಲಾವಣೆಯ ವರ್ಷಗಳಲ್ಲಿ ವ್ಯಾಸಂಗ ಮಾಡಿದವರು ಪದವಿ ಪ್ರಮಾಣಪತ್ರದ ಮೇಲಿರುವ ವಿಶ್ವವಿದ್ಯಾಲಯದ ಹೆಸರನ್ನು ನೋಡಿಯೇ ಅರ್ಜಿ ತುಂಬುವುದು ಕ್ಷೇಮ. ನರ್ಸಿಂಗ್ ಡಿಪ್ಲೊಮಾ ಪಡೆದವರಿಗೆ ವಿಶ್ವವಿದ್ಯಾಲಯದ ಬದಲು ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿಯು ಮೂಲವಾಗಿರುತ್ತದೆ.

ಹೊರಡುವ ಮುನ್ನ ಸಂಗ್ರಹಿಸಿಕೊಳ್ಳಬೇಕಾದ ದಾಖಲೆಗಳು ಈ ಕೆಳಗಿನಂತಿವೆ:

1. ಎಸ್.ಎಸ್.ಎಲ್.ಸಿ.ಯಿಂದ ಪದವಿಯವರೆಗಿನ ಎಲ್ಲ ಅಂಕಪಟ್ಟಿಗಳು ಹಾಗೂ ಪದವಿ ಪ್ರಮಾಣಪತ್ರ.
2. ವಿಶ್ವವಿದ್ಯಾಲಯದಿಂದ ಮೊಹರು ಮಾಡಿದ ಲಕೋಟೆಯಲ್ಲಿ ಅಥವಾ ನೇರವಾಗಿ ಕಳುಹಿಸಬೇಕಾದ ಟ್ರಾನ್ಸ್‌ಕ್ರಿಪ್ಟ್.
3. ಆಯಾ ವರ್ಷದ ಪಠ್ಯಕ್ರಮದ ಪ್ರತಿ. ನರ್ಸ್‌ಗಳು ಇದರ ಜೊತೆಗೆ ಪಾಠದ ಗಂಟೆಗಳು ಹಾಗೂ ಆಸ್ಪತ್ರೆಯಲ್ಲಿ ಮಾಡಿದ ಪ್ರಾಯೋಗಿಕ ಗಂಟೆಗಳ ವಿವರವನ್ನು ಪಡೆಯಬೇಕು.
4. ಕರ್ನಾಟಕ ವೈದ್ಯಕೀಯ ಪರಿಷತ್ತು ಅಥವಾ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ಚಾಲ್ತಿಯಲ್ಲಿರುವ ನೋಂದಣಿ, ಹಾಗೂ ಅಭ್ಯರ್ಥಿಯ ಮೇಲೆ ಶಿಸ್ತುಕ್ರಮ ಇಲ್ಲವೆಂದು ಪರಿಷತ್ತು ನೀಡುವ ಪತ್ರ.
5. ಕೆಲಸ ಮಾಡಿದ ಪ್ರತಿಯೊಂದು ಸಂಸ್ಥೆಯಿಂದ ಹುದ್ದೆ, ದಿನಾಂಕ ಮತ್ತು ಕರ್ತವ್ಯಗಳನ್ನು ನಮೂದಿಸಿದ ಅನುಭವ ಪ್ರಮಾಣಪತ್ರ.

ಈ ಕಾಗದಗಳಿಗಾಗಿ ಬೆಂಗಳೂರು, ಬೆಳಗಾವಿ, ಧಾರವಾಡಗಳಿಗೆ ಓಡಾಡಬೇಕಾಗಬಹುದು. ಊರಿನಲ್ಲಿರುವಾಗ ಕೆಲವು ದಿನಗಳಲ್ಲಿ ಮುಗಿಯುವ ಈ ಕಾರ್ಯವು ವಿದೇಶದಿಂದ ಬಂಧುಗಳ ಮೂಲಕ ಮಾಡಿಸಲು ಹೊರಟಾಗ ತಿಂಗಳುಗಳನ್ನು ನುಂಗುತ್ತದೆ.

ಹೆಸರಿನಲ್ಲಿ ವ್ಯತ್ಯಾಸ

ಅಂಕಪಟ್ಟಿಯಲ್ಲಿ ಹೆಸರಿನೊಂದಿಗೆ ಒಂದಕ್ಷರದ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರು, ಪರಿಷತ್ತಿನ ನೋಂದಣಿಯಲ್ಲಿ ಮನೆತನದ ಅಡ್ಡಹೆಸರು ಇರುವುದು ಈ ಭಾಗದಲ್ಲಿ ಸಾಮಾನ್ಯ. ವಿವಾಹಾನಂತರ ಮಹಿಳೆಯರ ಹೆಸರು ಬದಲಾಗಿರುವುದೂ ಉಂಟು. ವಿದೇಶಿ ಪರಿಶೀಲಕರಿಗೆ ಇವು ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ತೋರುತ್ತವೆ. ಪಾಸ್‌ಪೋರ್ಟ್ ಮಾಡಿಸುವ ಹಂತದಲ್ಲಿಯೇ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಹೆಸರಿಗೆ ಹೊಂದಿಸಿಕೊಳ್ಳುವುದು ಒಳಿತು. ವ್ಯತ್ಯಾಸ ಉಳಿದಿದ್ದಲ್ಲಿ ಪ್ರಮಾಣಿತ ಅಫಿಡವಿಟ್ ಅಥವಾ ವಿವಾಹ ನೋಂದಣಿ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳಬೇಕು.

ಊರಿನ ಹೆಸರೂ ಬದಲಾಗಿದೆ. 2014ರ ನವೆಂಬರ್ 1ರಿಂದ ಗುಲಬರ್ಗಾ ನಗರವು ಅಧಿಕೃತವಾಗಿ ಕಲಬುರಗಿ ಆಗಿದೆ. ವಿಶ್ವವಿದ್ಯಾಲಯವು ಹಳೆಯ ಹೆಸರಿನಲ್ಲಿಯೇ ಮುಂದುವರಿದಿದೆ. ಜನ್ಮಸ್ಥಳ ಒಂದು ಕಾಗದದಲ್ಲಿ ಗುಲಬರ್ಗಾ, ಇನ್ನೊಂದರಲ್ಲಿ ಕಲಬುರಗಿ ಎಂದಿದ್ದರೆ ಎರಡೂ ಒಂದೇ ಊರೆಂಬ ವಿವರಣೆಯನ್ನು ಅರ್ಜಿಯೊಂದಿಗೆ ಲಗತ್ತಿಸುವುದು ಸೂಕ್ತ.

ದಾಖಲೆಗಳ ದೃಢೀಕರಣ

ಶೈಕ್ಷಣಿಕ ದಾಖಲೆಗಳನ್ನು ಮೊದಲು ರಾಜ್ಯದ ನಿಯೋಜಿತ ಪ್ರಾಧಿಕಾರವು, ನಂತರ ಕೇಂದ್ರ ವಿದೇಶಾಂಗ ಸಚಿವಾಲಯವು ದೃಢೀಕರಿಸುತ್ತವೆ. ಅಪೊಸ್ಟಿಲ್ ಒಪ್ಪಂದವು ಭಾರತಕ್ಕೆ 2005ರ ಜುಲೈನಿಂದ ಅನ್ವಯವಾಗಿದೆ. ಕೆನಡಾ ದೇಶಕ್ಕೆ ಇದು 2024ರ ಜನವರಿಯಿಂದ ಅನ್ವಯವಾಗುತ್ತದೆ. ಒಪ್ಪಂದದ ಹೊರಗಿರುವ ಸಂಯುಕ್ತ ಅರಬ್ ಸಂಸ್ಥಾನ, ಕುವೈತ್ ಮತ್ತು ಕತಾರ್‌ಗಳಿಗೆ ತೆರಳುವವರು ಆಯಾ ದೇಶದ ರಾಯಭಾರ ಕಚೇರಿಯ ದೃಢೀಕರಣವನ್ನೂ ಪಡೆಯಬೇಕಾಗುತ್ತದೆ. ದಾಖಲೆಯ ಸಹಿ ಮತ್ತು ಮೊಹರು ನೈಜವೆಂಬುದನ್ನಷ್ಟೇ ಅಪೊಸ್ಟಿಲ್ ಹೇಳುತ್ತದೆ. ಪದವಿಯು ಆ ದೇಶದ ಪದವಿಗೆ ಸಮಾನವೇ ಎಂಬುದನ್ನು ನಿರ್ಧರಿಸುವ ಅಧಿಕಾರ ಅಲ್ಲಿನ ವೃತ್ತಿ ಸಂಸ್ಥೆಗೆ ಸೇರಿದ್ದು.

ಭಾಷೆ ಮತ್ತು ಪರೀಕ್ಷೆಗಳು

ಬ್ರಿಟನ್ನಿನಲ್ಲಿ ನರ್ಸ್ ಆಗಿ ನೋಂದಾಯಿಸಿಕೊಳ್ಳಲು ಇಂಗ್ಲಿಷ್ ಭಾಷಾ ಅರ್ಹತೆ, ಕಂಪ್ಯೂಟರ್ ಆಧಾರಿತ ಪರೀಕ್ಷೆ ಮತ್ತು ಪ್ರಾಯೋಗಿಕ ಪರೀಕ್ಷೆ ಎಂಬ ಮೂರು ಹಂತಗಳಿವೆ. ಮೊದಲ ಎರಡನ್ನು ಭಾರತದಲ್ಲಿಯೇ ಬರೆಯಬಹುದು. ಪ್ರಾಯೋಗಿಕ ಪರೀಕ್ಷೆಯು ಬ್ರಿಟನ್ನಿನಲ್ಲಿ ಮಾತ್ರ ನಡೆಯುತ್ತದೆ. ವೈದ್ಯರಿಗಿರುವ ಪ್ಲಾಬ್ ಪರೀಕ್ಷೆಯ ಮೊದಲ ಭಾಗವನ್ನು ಭಾರತದಲ್ಲಿ ಬರೆಯಬಹುದಾಗಿದ್ದು, ಎರಡನೆಯ ಭಾಗಕ್ಕೆ ಮ್ಯಾಂಚೆಸ್ಟರ್‌ಗೆ ಹೋಗಬೇಕಾಗುತ್ತದೆ. ಅಮೆರಿಕದಲ್ಲಿ ನರ್ಸ್‌ಗಳು ಎನ್‌ಕ್ಲೆಕ್ಸ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ವೈದ್ಯರು ಅರ್ಹತಾ ಪರೀಕ್ಷೆಗಳ ನಂತರ, ಸ್ವದೇಶದಲ್ಲಿ ತಜ್ಞರಾಗಿದ್ದರೂ, ಸಾಮಾನ್ಯವಾಗಿ ಅಲ್ಲಿನ ಆಸ್ಪತ್ರೆಯಲ್ಲಿ ಮತ್ತೆ ತರಬೇತಿ ಪಡೆಯಬೇಕಾಗುತ್ತದೆ.

ಜರ್ಮನಿಯು 2012ರಲ್ಲಿ ವಿದೇಶಿ ವೃತ್ತಿ ಅರ್ಹತೆಗಳ ಮಾನ್ಯತೆಗೆ ಪ್ರತ್ಯೇಕ ಕಾನೂನನ್ನು ಜಾರಿಗೆ ತಂದಿತು. 2024ರಲ್ಲಿ ಭಾರತೀಯ ಕುಶಲಕರ್ಮಿಗಳ ವಾರ್ಷಿಕ ವೀಸಾ ಮಿತಿಯನ್ನು 20,000ದಿಂದ 90,000ಕ್ಕೆ ಹೆಚ್ಚಿಸುವುದಾಗಿ ಪ್ರಕಟಿಸಿತು. ಆದರೆ ಆಸ್ಪತ್ರೆಯ ಕೆಲಸಕ್ಕೆ ಜರ್ಮನ್ ಭಾಷೆಯ ಜ್ಞಾನ ಅನಿವಾರ್ಯ. ಶಿಕ್ಷಣದಲ್ಲಿ ಕೊರತೆ ಕಂಡುಬಂದಲ್ಲಿ ಅಭ್ಯರ್ಥಿಯು ಪೂರಕ ತರಬೇತಿಯನ್ನು ಪಡೆಯಬೇಕು ಅಥವಾ ಜ್ಞಾನ ಪರೀಕ್ಷೆಯನ್ನು ಎದುರಿಸಬೇಕು.

ಇಂಜಿನಿಯರರು ಗಮನಿಸಬೇಕಾದ ಅಂಶ

2018ರಲ್ಲಿ ಕುವೈತ್‌ನಲ್ಲಿ ಇಂಜಿನಿಯರ್ ಹುದ್ದೆಯ ಪರವಾನಗಿ ನವೀಕರಣಕ್ಕೆ ಅಲ್ಲಿನ ಇಂಜಿನಿಯರುಗಳ ಸಂಘದ ನಿರಾಕ್ಷೇಪಣಾ ಪತ್ರವನ್ನು ಕಡ್ಡಾಯಗೊಳಿಸಲಾಯಿತು. ಆ ಸಂಘವು ಭಾರತದ ರಾಷ್ಟ್ರೀಯ ಮಾನ್ಯತಾ ಮಂಡಳಿಯ, ಅಂದರೆ ಎನ್.ಬಿ.ಎ.ಯ, ಮಾನ್ಯತೆ ಪಡೆದ ಕೋರ್ಸುಗಳ ಪದವಿಯನ್ನು ಮಾತ್ರ ಪರಿಗಣಿಸಿತು. ಈ ಮಂಡಳಿಯು ಸ್ಥಾಪನೆಯಾದದ್ದು 1994ರಲ್ಲಿ. ಅದಕ್ಕಿಂತ ಮೊದಲೇ ಪದವಿ ಪಡೆದು ದೀರ್ಘಕಾಲ ಅಲ್ಲಿ ದುಡಿಯುತ್ತಿದ್ದ ಭಾರತೀಯರೂ ತೊಂದರೆಗೆ ಒಳಗಾದರು. ಕೆಲವರು ಇಂಜಿನಿಯರ್ ಎಂಬ ಪದನಾಮವನ್ನೇ ಬಿಟ್ಟು ಬೇರೆ ಪದನಾಮದಲ್ಲಿ ಮುಂದುವರಿಯಬೇಕಾಯಿತು.

ಕಾಲೇಜು ಪ್ರತಿಷ್ಠಿತವಾಗಿದ್ದ ಮಾತ್ರಕ್ಕೆ ಸಾಲದು ಎಂಬುದನ್ನು ಈ ಪ್ರಸಂಗವು ತೋರಿಸುತ್ತದೆ. ಎನ್.ಬಿ.ಎ. ಮಾನ್ಯತೆಯನ್ನು ಇಡೀ ಕಾಲೇಜಿಗೆ ನೀಡದೆ ಆಯಾ ಕೋರ್ಸಿಗೆ, ನಿರ್ದಿಷ್ಟ ಅವಧಿಗೆ ನೀಡಲಾಗುತ್ತದೆ. ಭಾರತವು 2014ರಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆದ ನಂತರ, ಮಂಡಳಿಯು ಪ್ರಥಮ ಶ್ರೇಣಿಯಲ್ಲಿ ಮಾನ್ಯತೆ ನೀಡಿದ ಕೋರ್ಸುಗಳ ಪದವಿಗೆ ಸದಸ್ಯ ರಾಷ್ಟ್ರಗಳಲ್ಲಿ ಮನ್ನಣೆ ಸುಲಭವಾಗಿದೆ. ಇಂಜಿನಿಯರಿಂಗ್ ಸೇರುವ ವಿದ್ಯಾರ್ಥಿಗಳು ಹಾಗೂ ಪೋಷಕರು ಪ್ರವೇಶದ ಸಮಯದಲ್ಲಿಯೇ ಇದನ್ನು ವಿಚಾರಿಸುವುದು ಅಪೇಕ್ಷಣೀಯ.

ನಿಯಮಗಳು ಅನುಕೂಲಕರವಾಗಿ ಬದಲಾಗಿರುವ ಉದಾಹರಣೆಗಳೂ ಇವೆ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಇಂಜಿನಿಯರ್ ಪರವಾನಗಿಗೆ ಒಂದು ವರ್ಷದ ಕೆನಡಾ ಅನುಭವ ಬೇಕೆಂಬ ಷರತ್ತಿತ್ತು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ ಎಂಬ ಸ್ಥಿತಿಗೆ ಕಾರಣವಾಗಿದ್ದ ಈ ಷರತ್ತನ್ನು 2023ರಲ್ಲಿ ಕೈಬಿಡಲಾಯಿತು.

ಕಾಯುವ ಅವಧಿ

ಪರವಾನಗಿ ದೊರೆಯುವವರೆಗೆ ಜೀವನ ನಿರ್ವಹಣೆಗಾಗಿ ಯಾವುದಾದರೂ ಕೆಲಸ ಮಾಡಬೇಕಾಗುವುದು ಸಹಜ. ಅದರಲ್ಲಿ ಅಗೌರವವೇನೂ ಇಲ್ಲ. ಆದರೆ ವೃತ್ತಿಗೆ ಹತ್ತಿರದ ಕೆಲಸವನ್ನು ಆರಿಸಿಕೊಳ್ಳುವುದು ಲಾಭದಾಯಕ. ಬ್ರಿಟನ್ನಿನ ಆಸ್ಪತ್ರೆಗಳು ವಿದೇಶಿ ನರ್ಸ್‌ಗಳನ್ನು ಪ್ರಾಯೋಗಿಕ ಪರೀಕ್ಷೆ ಮುಗಿಯುವವರೆಗೆ ಕೆಳಗಿನ ದರ್ಜೆಯ ಹುದ್ದೆಯಲ್ಲಿ ಇರಿಸಿಕೊಳ್ಳುವ ಪದ್ಧತಿಯಿದೆ. ಆಸ್ಟ್ರೇಲಿಯಾದ ನರ್ಸಿಂಗ್ ಮಂಡಳಿಯು ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ 450 ಗಂಟೆಗಳ ವೃತ್ತಿ ಅಭ್ಯಾಸವನ್ನು ನಿರೀಕ್ಷಿಸುತ್ತದೆ. ಆದ್ದರಿಂದ ವೀಸಾ ಬರುವ ನಿರೀಕ್ಷೆಯಲ್ಲಿ ಊರಿನ ಆಸ್ಪತ್ರೆಯ ಕೆಲಸವನ್ನು ಮುಂಚಿತವಾಗಿ ಬಿಟ್ಟು ಕುಳಿತುಕೊಳ್ಳಬಾರದು.

ಪತಿ ಅಥವಾ ಪತ್ನಿಯ ಅವಲಂಬಿತರಾಗಿ ತೆರಳುವ ವೃತ್ತಿಪರರು ತಮ್ಮ ವೀಸಾದಲ್ಲಿ ಕೆಲಸದ ಅನುಮತಿ ಇದೆಯೇ ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಬೇಕು. ಅಮೆರಿಕದಲ್ಲಿ ಎಚ್-4 ವೀಸಾ ಹೊಂದಿದವರಿಗೆ 2015ರವರೆಗೆ ಕೆಲಸ ಮಾಡಲು ಅವಕಾಶವಿರಲಿಲ್ಲ. ಆ ವರ್ಷದಿಂದ ಕೆಲವು ವರ್ಗದವರು ಮಾತ್ರ ಅನುಮತಿಗಾಗಿ ಅರ್ಜಿ ಸಲ್ಲಿಸಬಹುದಾಗಿದೆ. ಇದನ್ನು ಅರಿಯದೆ ಹೋದ ಇಂಜಿನಿಯರ್ ಪದವೀಧರೆಯು ವರ್ಷಗಳ ಕಾಲ ಮನೆಯಲ್ಲಿ ಉಳಿಯಬೇಕಾಗಬಹುದು.

ಏಜೆಂಟರು ಮತ್ತು ಶುಲ್ಕ

1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಉದ್ಯೋಗಕ್ಕೆ ನೇಮಕಾತಿ ಮಾಡುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಣಿಯಾಗಿರಬೇಕು. ನೋಂದಾಯಿತ ಏಜೆಂಟರ ಪಟ್ಟಿಯು ಇ-ಮೈಗ್ರೇಟ್ ಜಾಲತಾಣದಲ್ಲಿ ಲಭ್ಯವಿದೆ. ಸೇವಾ ಶುಲ್ಕವು ₹30,000 ಮತ್ತು ಅದರ ಮೇಲಿನ ಜಿ.ಎಸ್.ಟಿ.ಯನ್ನು ಮೀರುವಂತಿಲ್ಲ, ಪಾವತಿಸಿದ ಹಣಕ್ಕೆ ರಸೀದಿ ಪಡೆಯುವುದು ಅಭ್ಯರ್ಥಿಯ ಹಕ್ಕು. ಬ್ರಿಟನ್ನಿನ ಆರೋಗ್ಯ ಸಿಬ್ಬಂದಿ ನೇಮಕಾತಿ ಸಂಹಿತೆಯು ಅಭ್ಯರ್ಥಿಯಿಂದ ನೇಮಕಾತಿ ಶುಲ್ಕ ಪಡೆಯುವುದನ್ನೇ ನಿಷೇಧಿಸಿದೆ. ನರ್ಸ್‌ಗಳು ನಿರ್ದಿಷ್ಟ 18 ದೇಶಗಳಿಗೆ ಉದ್ಯೋಗಕ್ಕಾಗಿ ತೆರಳಲು 2015ರಿಂದ ವಲಸೆ ಅನುಮತಿಯನ್ನು ಕಡ್ಡಾಯಗೊಳಿಸಲಾಗಿದೆ. ಪ್ರವಾಸಿ ವೀಸಾದಲ್ಲಿ ಹೋಗಿ ನಂತರ ಕೆಲಸ ಹುಡುಕಿಕೊಳ್ಳಬಹುದೆಂಬ ಸಲಹೆಗೆ ಕಿವಿಗೊಡಬಾರದು.

ಮಾರ್ಗದರ್ಶನ

ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿರುವ ಅಂತರರಾಷ್ಟ್ರೀಯ ವಲಸೆ ಕೇಂದ್ರವು ವಿದೇಶಿ ಉದ್ಯೋಗದ ಕುರಿತು ಮಾಹಿತಿ ಮತ್ತು ನೆರವನ್ನು ನೀಡುತ್ತದೆ. ವಿದೇಶದಲ್ಲಿ ತೊಂದರೆಗೆ ಸಿಲುಕಿದವರು ಭಾರತೀಯ ರಾಯಭಾರ ಕಚೇರಿಯನ್ನು ಅಥವಾ ವಿದೇಶಾಂಗ ಸಚಿವಾಲಯದ ಮದದ್ ವ್ಯವಸ್ಥೆಯನ್ನು ಸಂಪರ್ಕಿಸಬಹುದು.

ಪರೀಕ್ಷೆ, ಶುಲ್ಕ ಹಾಗೂ ವೀಸಾ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಆಯಾ ದೇಶದ ವೃತ್ತಿ ಪರಿಷತ್ತಿನಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು. ಪ್ರಯಾಣದ ದಿನಾಂಕವನ್ನು ನಿಗದಿಪಡಿಸುವ ಮೊದಲು ಅಭ್ಯರ್ಥಿಯು ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆದಿರಬೇಕು: ತನ್ನ ವೃತ್ತಿಗೆ ಪರವಾನಗಿ ನೀಡುವವರು ಯಾರು, ಅದಕ್ಕೆ ಎಷ್ಟು ಕಾಲ ಹಿಡಿಯುತ್ತದೆ, ಅಲ್ಲಿಯವರೆಗಿನ ಖರ್ಚು ಎಲ್ಲಿಂದ ಬರುತ್ತದೆ. ಈ ಮೂರಕ್ಕೂ ಉತ್ತರ ದೊರೆಯದಿದ್ದಲ್ಲಿ ಪ್ರಯಾಣವನ್ನು ಕೆಲವು ತಿಂಗಳು ಮುಂದೂಡುವುದು ಉಚಿತ.