ಜಗಲಿಯ ದೀಪ ತಾನಾಗಿ ಉರಿದಾಗ

ಬೆಳಗಿನ ಚರ್ಚ್‌ಗೇಟ್ ಸ್ಲೋ ಲೋಕಲ್. ಸಾಂತಾಕ್ರೂಜ್‌ನಲ್ಲಿ ಹೇಗೋ ಒಳಗೆ ನುಗ್ಗಿ, ಬ್ಯಾಗನ್ನು ಎದೆಗೆ ತಿರುಗಿಸಿಕೊಂಡು ನಿಂತಿದ್ದೆ. ಖಾರ್ ದಾಟಿ ಬಾಂದ್ರಾ ಬರುವಾಗ ತಲೆಯೊಳಗೆ ಒಂದು ಪ್ರಶ್ನೆ ಹೊಕ್ಕಿತು. ಗೀಸರ್ ಆಫ್ ಮಾಡಿದ್ದೇನಾ? ಹೆಂಡತಿ ನನಗಿಂತ ಮೊದಲೇ ಕೆಲಸಕ್ಕೆ ಹೊರಟಿದ್ದಳು, ಮಗಳು ಕಾಲೇಜಿಗೆ. ಮನೆಗೆ ಬೀಗ. ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಎದುರಿನ ಗಾಡಿ ಹಿಡಿದು ವಾಪಸ್ ಬಂದೆ. ಗೀಸರ್ ಆಫ್ ಆಗಿಯೇ ಇತ್ತು. ಆಫೀಸಿನಲ್ಲಿ ಅರ್ಧ ದಿನದ ರಜೆ ಮಾತ್ರ ಹೋಯಿತು.

ಮುಂಬಯಿಯಲ್ಲಿ ಈ ಅನುಭವ ಆಗದವರು ಕಡಿಮೆ. ಆ ವಾರವೇ ನಮ್ಮ ಮನೆಗೆ ಮೊದಲ ಸ್ಮಾರ್ಟ್ ಪ್ಲಗ್ ಬಂತು. ಆಮೇಲೆ ಇನ್ನೆರಡು ಬಂದವು. ಮೂರನೆಯದು ಊರಿಗೆ ಹೋಯಿತು. ಈ ಬರಹ ಬರೆಯಲು ಕಾರಣ ಆ ಮೂರನೆಯದು. ಆದರೆ ಮೊದಲು, ಈ ಪ್ಲಗ್ ಏನು ಮಾಡುತ್ತದೆ ಎಂದು ಹೇಳಬೇಕು.

ಒಳಗೆ ಇರುವುದು ಎರಡೇ ವಸ್ತು

ಸ್ಮಾರ್ಟ್ ಪ್ಲಗ್ ಎಂದರೆ ಗೋಡೆಯ ಸಾಕೆಟ್ಟಿಗೂ ನಮ್ಮ ಉಪಕರಣಕ್ಕೂ ನಡುವೆ ಕೂರುವ ಒಂದು ಸ್ವಿಚ್. ಒಳಗೆ ಒಂದು ರಿಲೇ, ಅದಕ್ಕೆ ಆಜ್ಞೆ ಕೊಡುವ ಒಂದು ವೈಫೈ ಚಿಪ್. ಫೋನಿನ ಆ್ಯಪ್‌ನಲ್ಲಿ ಬೆರಳಿಟ್ಟರೆ ರಿಲೇ 'ಟಕ್' ಎಂದು ಕೂಡುತ್ತದೆ ಅಥವಾ ಬಿಡುತ್ತದೆ. ಹೊತ್ತು ಗೊತ್ತು ಮಾಡಿಟ್ಟರೆ ತಾನೇ ಮಾಡುತ್ತದೆ. ಕೆಲವು ಪ್ಲಗ್‌ಗಳು ಎಷ್ಟು ಕರೆಂಟು ಹೋಯಿತು ಎಂದೂ ಲೆಕ್ಕ ಇಡುತ್ತವೆ.

ಅಂಗಡಿಯಲ್ಲಿ ಮೊದಲು ನೋಡಬೇಕಾದದ್ದು ಆಂಪಿಯರ್. 6 ಆಂಪಿಯರಿನದು ದೀಪ, ಟಿವಿ, ಫೋನ್ ಚಾರ್ಜರಿಗೆ ಸಾಕು. 2000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅದಕ್ಕೆ 16 ಆಂಪಿಯರಿನದೇ ಬೇಕು. 10 ಆಂಪಿಯರಿನದು ನಡೆದೀತು ಎಂದು ಲೆಕ್ಕ ಹೇಳಬಹುದು, ಆದರೆ ದಿನವೂ ಮಿತಿಯ ಹತ್ತಿರ ದುಡಿಸಿದರೆ ಪಿನ್ನು ಬಿಸಿಯಾಗುತ್ತದೆ. ನಮ್ಮ ಸಾಂತಾಕ್ರೂಜ್, ವಾಕೋಲದ ಎಷ್ಟೋ ಕಟ್ಟಡಗಳು ಹಳೆಯವು. ಸಾಕೆಟ್ ಸಡಿಲವಾಗಿದ್ದರೆ, ಅಂಚು ಕಪ್ಪಾಗಿದ್ದರೆ, ಮೊದಲು ಇಲೆಕ್ಟ್ರಿಷಿಯನ್‌ನನ್ನು ಕರೆದು ಸಾಕೆಟ್ ಬದಲಿಸಿ, ಅರ್ಥಿಂಗ್ ನೋಡಿಸಿ. ಹಾಳಾದ ವೈರಿಂಗಿಗೆ ಸ್ಮಾರ್ಟ್ ಪ್ಲಗ್ ಔಷಧವಾಗುವುದಿಲ್ಲ.

ಇನ್ನೊಂದು, ಹೆಚ್ಚಿನ ಪ್ಲಗ್‌ಗಳು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ರೌಟರಿನಲ್ಲಿ 5 ಗಿಗಾಹರ್ಟ್ಸ್ ಮಾತ್ರ ಇಟ್ಟುಕೊಂಡು ಪ್ಲಗ್ ಸರಿಯಿಲ್ಲ ಎಂದು ಅಂಗಡಿಯವನೊಡನೆ ಜಗಳವಾಡಿ ಬಂದವರಲ್ಲಿ ನಾನೂ ಒಬ್ಬ.

ಬಿಲ್ಲಿನಲ್ಲಿ ಎಷ್ಟು ಉಳಿಯಿತು?

ಬಿಲ್ಲವ ಭವನದ ಕಾರ್ಯಕ್ರಮ ಮುಗಿದು ಊಟದ ಸಾಲಿನಲ್ಲಿ ನಿಂತಾಗ ಗೆಳೆಯರು ಕೇಳುವುದು ಇದನ್ನೇ. ಬಾಂದ್ರಾದಿಂದ ಉತ್ತರಕ್ಕೆ ನಮ್ಮಲ್ಲಿ ಹೆಚ್ಚಿನವರಿಗೆ ಬಿಲ್ ಬರುವುದು ಅದಾನಿಯಿಂದ. 2018ಕ್ಕೆ ಮೊದಲು ರಿಲಯನ್ಸ್, ಅದಕ್ಕೂ ಮೊದಲು ಬಿಎಸ್‌ಇಎಸ್. ಹೆಸರು ಬದಲಾದರೂ ಮೆಟ್ಟಿಲು ದರ ಇದೆ. 100, 300, 500 ಯೂನಿಟ್ ದಾಟಿದಂತೆಲ್ಲ ಮುಂದಿನ ಯೂನಿಟ್ ತುಟ್ಟಿಯಾಗುತ್ತದೆ.

ದೀಪದಲ್ಲಿ ಉಳಿತಾಯ ಹುಡುಕಬೇಡಿ. 9 ವ್ಯಾಟ್ ಎಲ್‌ಇಡಿ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಒಂದೂಕಾಲು ಯೂನಿಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಪ್ಲಗ್ ಕೂಡ ಸುಮ್ಮನೆ ಕೂತು ಸ್ವಲ್ಪ ಕರೆಂಟು ತಿನ್ನುತ್ತದೆ. ಒಂದು ವ್ಯಾಟ್ ಎಂದು ಹಿಡಿದರೆ ವರ್ಷಕ್ಕೆ ಸುಮಾರು 9 ಯೂನಿಟ್. ಆದರೆ ರಾತ್ರಿ ಹಗಲು 10 ವ್ಯಾಟ್ ಎಳೆಯುತ್ತ ಕೂರುವ ಸೆಟ್‌ಟಾಪ್ ಬಾಕ್ಸ್ ಇದ್ದರೆ ಅದು ವರ್ಷಕ್ಕೆ ಸುಮಾರು 88 ಯೂನಿಟ್. ಗೀಸರಿನ ಲೆಕ್ಕವೂ ಹೀಗೆಯೇ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು ಒಂದು ಯೂನಿಟ್, 2000 ವ್ಯಾಟಿನದಕ್ಕೆ ಅರ್ಧ ಗಂಟೆ. ಅದರ ಮೇಲೆ ಆನ್ ಇಟ್ಟದ್ದೆಲ್ಲ ಆರಿದ ನೀರನ್ನು ಮತ್ತೆ ಮತ್ತೆ ಕಾಯಿಸುವ ಖರ್ಚು. ನಮ್ಮಲ್ಲಿ ಈಗ ಬೆಳಿಗ್ಗೆ ಐದೂವರೆಗೆ ಆನ್, ಆರಕ್ಕೆ ಆಫ್. ದಾದರ್‌ನಲ್ಲಿ ಇಳಿಯುವ ಅಗತ್ಯ ಮತ್ತೆ ಬಂದಿಲ್ಲ.

ಯಾವುದನ್ನು ಕೊಡಬಾರದು ಎಂಬ ಪಟ್ಟಿ ಇನ್ನೂ ಮುಖ್ಯ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ರಾಡ್, ರೂಮ್ ಹೀಟರ್ ಇವನ್ನು ಕಣ್ಣೆದುರು ಇಲ್ಲದಾಗ ಆನ್ ಮಾಡುವ ಮಾತೇ ಬೇಡ. ಫ್ರಿಜ್ಜನ್ನು ಇದರ ಮೇಲೆ ಹಾಕಿ ಮಗು ಆ್ಯಪ್ ಒತ್ತಿದರೆ ಮೀನೆಲ್ಲ ಹಾಳು. ಮನೆಯಲ್ಲಿ ಆಮ್ಲಜನಕದ ಯಂತ್ರದಂಥದ್ದಿದ್ದರೆ ಅದು ನೇರ ಗೋಡೆಯ ಸಾಕೆಟ್ಟಿಗೇ.

ಕರೆಂಟು ಹೋಗಿ ಬಂದ ಮೇಲೆ ಪ್ಲಗ್ ಯಾವ ಸ್ಥಿತಿಯಲ್ಲಿರಬೇಕು ಎಂದು ಆ್ಯಪ್‌ನಲ್ಲಿ ಕೇಳಿರುತ್ತದೆ. ಗೀಸರಿಗೆ 'ಆಫ್' ಎಂದು ಇಡಿ. ಮುಂಬಯಿಯಲ್ಲಿ ಕರೆಂಟು ಎಲ್ಲಿ ಹೋಗುತ್ತದೆ ಎನ್ನಬೇಡಿ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ನಗರವೇ ಕತ್ತಲಾಗಿ ಲೋಕಲ್‌ಗಳು ಹಳಿಯ ಮೇಲೆ ನಿಂತದ್ದನ್ನು ನಾವು ಕಂಡಿದ್ದೇವೆ.

ಊರಿಗೆ ಹೋದ ಪ್ಲಗ್

ನಮ್ಮ ಊರು ಕಾಪುವಿನ ಹತ್ತಿರ. ಅಪ್ಪ ಹೋದ ಮೇಲೆ ಅಮ್ಮ ಅಲ್ಲಿ ಒಬ್ಬಳೇ. ಮುಂಬಯಿಗೆ ಬಾ ಎಂದರೆ, "ನಿಮ್ಮ ಪೆಟ್ಟಿಗೆಯೊಳಗೆ ನನಗೆ ಉಸಿರು ಕಟ್ತದೆ ಮಗಾ" ಎನ್ನುತ್ತಾಳೆ. ನಾಲ್ಕು ತಿಂಗಳಿಗೊಮ್ಮೆ ಮತ್ಸ್ಯಗಂಧ ಹತ್ತಿ ನಾನು ಹೋಗಿ ಬರುವುದು.

ಕಳೆದ ಬಾರಿ ಹೋದಾಗ, ಸಂಜೆ ಜಗಲಿಯ ದೀಪ ಹಾಕಲು ಅಮ್ಮ ಮಂಡಿ ಹಿಡಿದುಕೊಂಡು ಮೆಟ್ಟಿಲು ಇಳಿಯುವುದನ್ನು ನೋಡಿದೆ. ಜಗಲಿಯ ಬಲ್ಬಿಗೆ ಮೂರು ಪಿನ್ನಿನ ವೈರ್ ಹಾಕಿಸಿ, ಪ್ಲಗ್ ಕೂರಿಸಿ, ಸೂರ್ಯಾಸ್ತಕ್ಕೆ ಆನ್, ರಾತ್ರಿ ಹತ್ತೂವರೆಗೆ ಆಫ್ ಎಂದು ಇಟ್ಟೆ. ಗಡಿಯಾರದ ಹೊತ್ತಿಗಿಂತ ಸೂರ್ಯಾಸ್ತವೇ ವಾಸಿ. ಮುಂಬಯಿಯಲ್ಲಿ ನವೆಂಬರ್ ಕೊನೆಗೆ ಆರು ಗಂಟೆಯ ಸುಮಾರಿಗೆ ಮುಳುಗುವ ಸೂರ್ಯ ಜುಲೈ ಮೊದಲಿಗೆ 7.20ರ ಹತ್ತಿರ ಮುಳುಗುತ್ತಾನೆ. ಊರಲ್ಲಿ ವ್ಯತ್ಯಾಸ ಸ್ವಲ್ಪ ಕಡಿಮೆ, ಆದರೂ ಇದೆ.

"ದೀಪ ಹೊತ್ತಿಸ್ಲಿಕ್ಕೆ ನಾನಿದ್ದೇನಲ್ಲ?" ಎಂದಳು ಅಮ್ಮ. ಮೊದಮೊದಲು ಅಭ್ಯಾಸಬಲದಿಂದ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡುತ್ತಿದ್ದಳು. ಅದು ಆಫ್ ಆದರೆ ಪ್ಲಗ್ಗಿಗೆ ಜೀವವೇ ಇಲ್ಲ. ಅದರ ಮೇಲೆ ಟೇಪ್ ಅಂಟಿಸಿ ಬಂದೆ.

ಸಾಂತಾಕ್ರೂಜ್‌ನಲ್ಲಿ ಕೂತು ಸಂಜೆ ಆ್ಯಪ್ ತೆರೆದರೆ ಊರಿನ ದೀಪ 'ಆನ್'. ಏನೋ ಒಂದು ಸಮಾಧಾನ. ದಿನಾ ರಾತ್ರಿ ಫೋನ್ ಮಾಡುತ್ತಿದ್ದವನು ಎರಡು ದಿನಕ್ಕೊಮ್ಮೆ, ಮೂರು ದಿನಕ್ಕೊಮ್ಮೆ ಮಾಡತೊಡಗಿದೆ. ಇದು ನನಗೆ ಆಗ ಗೊತ್ತಾಗಲಿಲ್ಲ.

ಆಟಿಯ ಮಳೆಯಲ್ಲಿ ಅಮ್ಮನಿಗೆ ಜ್ವರ ಬಂತು. ಎರಡು ದಿನ ಏಳಲಾಗದೆ ಮಲಗಿದ್ದಾಳೆ. ಫೋನ್ ಒಳಕೋಣೆಯಲ್ಲಿ ಚಾರ್ಜ್ ಇಲ್ಲದೆ ಬಿದ್ದಿತ್ತು. ಮೂರನೆಯ ದಿನ ಮೀನು ಮಾರುವ ಹೆಂಗಸು ಗೇಟಿನಲ್ಲಿ ಕೂಗಿ, ಉತ್ತರ ಬಾರದ್ದರಿಂದ ಒಳಗೆ ಬಂದು ನೋಡಿ, ಗದ್ದೆಯಾಚೆಯ ಮನೆಯ ಅಕ್ಕನಿಗೆ ಹೇಳಿದಳು. ಆಸ್ಪತ್ರೆ, ಡ್ರಿಪ್ಪು, ನಾಲ್ಕು ದಿನ. ದೇವರ ದಯೆ, ಅಮ್ಮ ಎದ್ದು ಕೂತಳು.

ನಾನು ಊರಿಗೆ ಮುಟ್ಟಿದಾಗ ಆ ಅಕ್ಕ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ದೀಪ ಉರೀತಿತ್ತಲ್ಲ ಮಾರಾಯ. ಹುಷಾರಿದ್ದಾರೆ ಅಂತ ಎಣಿಸಿದೆ."

ಇಷ್ಟು ವರ್ಷ ಆ ದೀಪವೇ ಅವರಿಗೆ ಸುದ್ದಿ. ಏಳು ಗಂಟೆಗೆ ಜಗಲಿಯಲ್ಲಿ ಬೆಳಕು ಕಂಡರೆ ಅಮ್ಮ ಎದ್ದು ಓಡಾಡುತ್ತಿದ್ದಾಳೆ ಎಂದು ಅರ್ಥ. ಒಮ್ಮೆ ಅಪ್ಪನ ಎದೆನೋವಿನ ದಿನ ದೀಪ ಕಾಣದ್ದರಿಂದಲೇ ಅವರು ಓಡಿ ಬಂದಿದ್ದರಂತೆ. ನಾನು ಪ್ಲಗ್ ಹಾಕಿ ಆ ದೀಪಕ್ಕೆ ಸುಳ್ಳು ಹೇಳಲು ಕಲಿಸಿದ್ದೆ. ಅಕ್ಕನಿಗೂ ಹೇಳಿತು, ನನಗೂ ಹೇಳಿತು.

ಮಾಡಿದ ಬದಲಾವಣೆ

ಪ್ಲಗ್ಗನ್ನು ಕಿತ್ತು ಎಸೆಯಬೇಕು ಎನಿಸಿತ್ತು. ಎಸೆಯಲಿಲ್ಲ. ಅದನ್ನು ಒಳಗೆ, ಅಮ್ಮ ಕೂರುವ ಮಂಚದ ಪಕ್ಕದ ಸಾಕೆಟ್ಟಿಗೆ ತಂದು, ಬಲ್ಬಿನ ವೈರನ್ನು ಅಲ್ಲಿಯವರೆಗೆ ಎಳೆಸಿದೆ. ತಾನಾಗಿ ಆನ್ ಆಗುವುದನ್ನು ತೆಗೆದುಹಾಕಿದೆ. ಪ್ಲಗ್ಗಿನ ಮೇಲೆಯೇ ಒಂದು ಗುಂಡಿ ಇರುತ್ತದೆ. ಸಂಜೆ ಅದನ್ನು ಅಮ್ಮ ಒತ್ತುತ್ತಾಳೆ. ಮೆಟ್ಟಿಲು ಇಳಿಯುವ ಕೆಲಸವಿಲ್ಲ. ರಾತ್ರಿ ಆರಿಸುವುದು ಮಾತ್ರ ಪ್ಲಗ್ಗಿನ ಕೆಲಸ. ಏಳೂವರೆಗೆ ದೀಪ ಆಫ್ ಇದ್ದರೆ ನನ್ನ ಫೋನಿಗೆ ಸೂಚನೆ ಬರುವಂತೆ ಆ್ಯಪ್‌ನಲ್ಲಿ ಒಂದು ನಿಯಮ ಬರೆದೆ. ಸೂಚನೆ ಬಂದರೆ ಅಮ್ಮನಿಗೆ ಫೋನ್, ಎತ್ತದಿದ್ದರೆ ಅಕ್ಕನಿಗೆ.

ಇದೂ ಪೂರ್ತಿ ನಂಬುವಂಥದ್ದಲ್ಲ. ಮಳೆಗಾಲದಲ್ಲಿ ಊರಲ್ಲಿ ಕರೆಂಟು ಹೋದರೆ ರೌಟರ್ ಸಾಯುತ್ತದೆ, ಪ್ಲಗ್ ಮಾತೇ ಆಡುವುದಿಲ್ಲ. ರೌಟರನ್ನು ಇನ್ವರ್ಟರಿಗೆ ಹಾಕಿಸಿದ್ದೇನೆ. ಆದರೂ ದಿನದ ಫೋನ್ ಮತ್ತೆ ಶುರುವಾಗಿದೆ, ಆ್ಯಪ್ ನೋಡುವ ಮೊದಲೇ. ಪ್ಲಗ್ ಹೇಗೆ ಕೆಲಸ ಮಾಡುತ್ತದೆ ಎಂದು ಅಕ್ಕನನ್ನು ಕೂರಿಸಿ ತಿಳಿಸಿದ್ದೇನೆ. ಅದನ್ನು ಮೊದಲ ದಿನವೇ ಮಾಡಬೇಕಿತ್ತು.

ನಮ್ಮ ಇಲ್ಲಿನ ಮನೆಗಳಲ್ಲಿ ಎಷ್ಟೋ ಮಂದಿ ಊರಿನ ಹಿರಿಯರಿಗೆ, ಬೀಗ ಹಾಕಿದ ಮನೆಗಳಿಗೆ ಇಂಥದ್ದನ್ನು ಹಾಕಿಸುವ ಯೋಚನೆಯಲ್ಲಿದ್ದಾರೆ. ಹಾಕಿಸಿ. ಬೀಗ ಹಾಕಿದ ಮನೆಗೆ ತಾನಾಗಿ ಉರಿಯುವ ದೀಪ ಒಳ್ಳೆಯದೇ. ಜನ ಇರುವ ಮನೆಯಾದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಕೆಲಸವನ್ನು ಅವರು ದಿನಾ ಕೈಯಾರೆ ಮಾಡುವುದನ್ನು ನೋಡಿ ಯಾರಾದರೂ ಏನಾದರೂ ತಿಳಿದುಕೊಳ್ಳುತ್ತಿದ್ದಾರೆಯೇ? ಹೌದಾದರೆ ಅದನ್ನು ಅವರ ಕೈಯಲ್ಲೇ ಬಿಡಿ. ಗೀಸರನ್ನು ಧಾರಾಳವಾಗಿ ಪ್ಲಗ್ಗಿಗೆ ಕೊಡಿ.

ನಿನ್ನೆ ಸಂಜೆ ಲೋಕಲ್‌ನಲ್ಲಿ ಮನೆಗೆ ಮರಳುವಾಗ, ಮಾಹಿಮ್ ದಾಟುತ್ತಿದ್ದಂತೆ ಫೋನ್ ನೋಡಿದೆ. 6.52ಕ್ಕೆ ದೀಪ ಆನ್ ಆಗಿತ್ತು. ಅಮ್ಮ ಒತ್ತಿದ್ದು. ಸಾಂತಾಕ್ರೂಜ್‌ನಲ್ಲಿ ಇಳಿದು, ಸ್ಟೇಷನ್ನಿನ ಗದ್ದಲ ದಾಟಿ, ಅವಳಿಗೆ ಫೋನ್ ಮಾಡಿದೆ. "ದೀಪ ಹಾಕಿದೆ ಮಗಾ, ಕಂಡಿತಾ?" ಎಂದಳು.

ಕಂಡಿತು ಎಂದೆ.