ಮೇಲೇರದೆ ಕೆಳಗಿಳಿದ ಗ್ರಂಥಾಲಯ

ನ್ಯೂಯಾರ್ಕ್‌ನ ಮ್ಯಾಡಿಸನ್ ಅವೆನ್ಯೂ ಪಕ್ಕದಲ್ಲಿರುವ ಮಾರ್ಗನ್ ಗ್ರಂಥಾಲಯದ ಹೊರಗೋಡೆಯ ಕಲ್ಲುಗಳನ್ನು ಗಾರೆ ಹಚ್ಚಿ ಕೂರಿಸಿಲ್ಲ. ಅಥೆನ್ಸ್‌ನ ಎರೆಕ್ಥಿಯಮ್ ದೇಗುಲದ ಕಲ್ಲಿನ ಸಂದಿಯಲ್ಲಿ ಚಾಕುವಿನ ಅಲಗು ತೂರಿಸಲು ಹೋಗಿ ಆಗದೆ ಬೆರಗಾಗಿದ್ದ ವಾಸ್ತುಶಿಲ್ಪಿ ಚಾರ್ಲ್ಸ್ ಮೆಕ್ಕಿಮ್‌ಗೆ ಇಲ್ಲೂ ಅಂಥದೇ ಕೆಲಸ ಮಾಡಿಸುವ ಆಸೆ. ಅದಕ್ಕೆ ಐವತ್ತು ಸಾವಿರ ಡಾಲರ್ ಹೆಚ್ಚಿಗೆ ಬೀಳುತ್ತಿತ್ತು. ಬ್ಯಾಂಕರ್ ಜೆ. ಪಿಯರ್‌ಪಾಂಟ್ ಮಾರ್ಗನ್ ಒಪ್ಪಿಬಿಟ್ಟ. ಟೆನೆಸ್ಸೀಯ ನಸುಗುಲಾಬಿ ಅಮೃತಶಿಲೆಯ ಕಟ್ಟಡ 1906ರಲ್ಲಿ ಮುಗಿಯಿತು. ಮರುವರ್ಷ ಹಣಕಾಸು ಪೇಟೆ ಕುಸಿಯತೊಡಗಿದಾಗ ಇದೇ ಮಾರ್ಗನ್ ನಗರದ ಬ್ಯಾಂಕರುಗಳನ್ನು ಇಲ್ಲಿಗೆ ಕರೆಸಿ, ಬಾಗಿಲಿಗೆ ಬೀಗ ಹಾಕಿ, ನೆರವಿನ ಪತ್ರಕ್ಕೆ ಸಹಿ ಬಿದ್ದ ಮೇಲೆಯೇ ಹೊರಗೆ ಬಿಟ್ಟದ್ದು.

ಮಗ ಜ್ಯಾಕ್ 1924ರಲ್ಲಿ ಇದನ್ನು ಸಾರ್ವಜನಿಕ ಸಂಸ್ಥೆಯಾಗಿಸಿದ. ಅಪ್ಪನ ಮನೆ ಕೆಡವಿದ ಜಾಗದಲ್ಲಿ 1928ರಲ್ಲಿ ಇನ್ನೊಂದು ಕಟ್ಟಡ ಎದ್ದಿತು. 1988ರಲ್ಲಿ ಮೂಲೆಯ ಹಳೇ ಮನೆಯೂ ಸೇರಿತು. ಗುಟೆನ್‌ಬರ್ಗ್ ಬೈಬಲಿನ ಮೂರು ಪ್ರತಿಗಳು, ಮೊಜಾರ್ಟ್, ಬೀಥೋವನ್‌ರ ಕೈಬರಹದ ಹಾಳೆಗಳು, ನೋಡಲು ಬರುವವರ ಸಾಲು. ಇಷ್ಟಕ್ಕೆಲ್ಲ ಈ ಮೂರು ಕಟ್ಟಡಗಳೂ ಸಾಲದಾದವು.

ನಮ್ಮಲ್ಲಾಗಿದ್ದರೆ ಮೇಲೊಂದು ಮಹಡಿ ಏರಿಸಿ, ಸುಣ್ಣಬಣ್ಣ ಬಳಿದು, ಉದ್ಘಾಟನೆಯ ಫಲಕ ನೆಡುತ್ತಿದ್ದೆವೇನೋ. ವಿಸ್ತರಣೆಯ ಹೊಣೆ ಹೊತ್ತ ಇಟಲಿಯ ವಾಸ್ತುಶಿಲ್ಪಿ ರೆಂಜೊ ಪಿಯಾನೊ ನೆಲದೊಳಕ್ಕೆ ಇಳಿದರು. ಮ್ಯಾನ್‌ಹಾಟನ್ನಿನ ಗಟ್ಟಿ ಶಿಸ್ಟ್ ಬಂಡೆಯನ್ನು ಐವತ್ತಡಿಗೂ ಹೆಚ್ಚು ಆಳ ಕಡಿಸಿ, ಹಸ್ತಪ್ರತಿಗಳ ಭಂಡಾರವನ್ನೂ ಸುಮಾರು 280 ಆಸನಗಳ ಸಂಗೀತ ಸಭಾಂಗಣವನ್ನೂ ಅದರೊಳಗೇ ಇಟ್ಟರು. 2006ರಲ್ಲಿ ಬಾಗಿಲು ತೆರೆದಾಗ ಸುಮಾರು 75,000 ಚದರಡಿ ಜಾಗ ಸೇರಿತ್ತು. ಹಾಗಿದ್ದೂ ಬೀದಿಯಿಂದ ನೋಡಿದವರಿಗೆ ಹಳೆಯ ಕಟ್ಟಡಗಳ ನಡುವೆ ತಗ್ಗಿ ನಿಂತ ಉಕ್ಕು–ಗಾಜಿನ ಮಂಟಪಗಳಷ್ಟೇ ಕಾಣುತ್ತವೆ. ಉಕ್ಕಿನ ಹಲಗೆಗಳಿಗೆ ಬಳಿದ ಬಣ್ಣದಲ್ಲೂ ಹಳೇ ಅಮೃತಶಿಲೆಯ ಗುಲಾಬಿ ಛಾಯೆ ಇದೆ. ಒಂದು ಪ್ರದರ್ಶನ ಕೋಣೆಯಂತೂ ಉದ್ದ, ಅಗಲ, ಎತ್ತರ ಎಲ್ಲವೂ ಇಪ್ಪತ್ತೇ ಅಡಿ.

ಎಲ್ಲವನ್ನೂ ಹೊಗಳಲಾರೆ. ನಡುವಿನ ಗಾಜಿನ ಅಂಗಳ ಬೆಳಕಿನಿಂದ ತುಂಬಿದೆ, ನಿಜ. ಆದರೆ ಅದಕ್ಕೆ ವಿಮಾನ ನಿಲ್ದಾಣದ ಕಳೆ ಬಂದುಬಿಟ್ಟಿದೆ. ಮೊದಲು ಮೂವತ್ತಾರನೇ ಬೀದಿಯಲ್ಲಿದ್ದ ಪ್ರವೇಶದ್ವಾರ ಈಗ ಮ್ಯಾಡಿಸನ್ ಅವೆನ್ಯೂಗೆ ಬಂದಿರುವುದರಿಂದ, ಮೆಕ್ಕಿಮ್‌ನ ಕಟ್ಟಡಕ್ಕೆ ಬಳಸಿಕೊಂಡು ಹೋಗಬೇಕು. ಹೋದರೆ ಮಾತ್ರ ಸಾರ್ಥಕ: ಮೂರು ಅಂತಸ್ತಿನ ಆಕ್ರೋಟು ಮರದ ಕಪಾಟುಗಳು, ಮೂಲೆಯ ಕಪಾಟುಗಳ ಹಿಂದೆ ಅಡಗಿಸಿದ ಮೆಟ್ಟಿಲುಗಳು. ಮಾರ್ಗನ್‌ನ ಓದುಕೋಣೆಯಲ್ಲಿ ಗೋಡೆಗೆಲ್ಲ ಕೆಂಪು ರೇಷ್ಮೆ.

ನನಗೆ ಹೆಚ್ಚು ಮುಖ್ಯವೆನಿಸುವುದು 2010ರ ಕೆಲಸ. ಅಲ್ಲಿಯವರೆಗೆ ಸಾರ್ವಜನಿಕರಿಗೆ ಮುಚ್ಚಿದ್ದ ಉತ್ತರದ ಕೋಣೆಯನ್ನು ಒಳಾಂಗಣ ದುರಸ್ತಿಯ ಜೊತೆ ತೆರೆದರು. ಅದು ಬೆಲ್ ಡ ಕೋಸ್ಟಾ ಗ್ರೀನ್‌ರ ಕಚೇರಿ. 1905ರಲ್ಲಿ ಗ್ರಂಥಪಾಲಕಿಯಾಗಿ ಸೇರಿ, 1924ರಿಂದ 1948ರವರೆಗೆ ನಿರ್ದೇಶಕಿಯಾಗಿದ್ದವರು. ಹಾರ್ವರ್ಡ್ ಕಾಲೇಜಿನ ಮೊದಲ ಕಪ್ಪುವರ್ಣೀಯ ಪದವೀಧರನ ಮಗಳು. ವರ್ಣಭೇದದ ಆ ಕಾಲದಲ್ಲಿ ಹುಟ್ಟನ್ನು ಮರೆಸಿ, ಬಿಳಿಯಳೆಂದೇ ಬಾಳಿದರು. ಈ ಸಂಗ್ರಹವನ್ನು ಕಟ್ಟಿ ಬೆಳೆಸಿದ್ದರಲ್ಲಿ ಅವರ ಪಾಲು ದೊಡ್ಡದು. ಅವರ ಮೇಜಿದ್ದ ಕೋಣೆಗೆ ಜನ ಕಾಲಿಡಲು ಇಷ್ಟು ವರ್ಷ ಬೇಕಾಯಿತು.

ಮೆಕ್ಕಿಮ್‌ನ ಕಟ್ಟಡದ ಹೊರಮೈಯ ಸರದಿ ಬಂದದ್ದು ಕೊನೆಗೆ. ಕಲ್ಲು, ಚಾವಣಿ, ಕಂಚಿನ ಬಾಗಿಲು, ಶಿಲ್ಪಗಳು ಎಲ್ಲವನ್ನೂ ಸರಿಪಡಿಸಿ 2022ರಲ್ಲಿ ಪಕ್ಕದ ತೋಟವನ್ನೂ ಜನರಿಗೆ ತೆರೆದರು. ಮೆಟ್ಟಿಲಿನ ಎರಡು ಬದಿಗೂ ಎಡ್ವರ್ಡ್ ಕ್ಲಾರ್ಕ್ ಪಾಟರ್ ಕೆತ್ತಿದ ಸಿಂಹಿಣಿಗಳಿವೆ. ಇದೇ ಪಾಟರ್ ಆಮೇಲೆ ಮಾಡಿಕೊಟ್ಟ ಸಿಂಹಗಳ ಜೋಡಿ ಸ್ವಲ್ಪ ದೂರದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮುಂದಿದೆ. ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವುದು ಹೆಚ್ಚಾಗಿ ಅವುಗಳ ಜೊತೆ.