ಸುಳಿಯೊಳಗಿನ ಆಕರಕೋಶಗಳು

ತೆಂಗಿನ ಮರದ ಸುಳಿಯು ಕೊಳೆತುಹೋದರೆ ಮರವು ಬದುಕುವುದಿಲ್ಲವೆಂಬುದನ್ನೂ, ಬಾಳೆಯ ಗಿಡವನ್ನು ಕಡಿದುಹಾಕಿದರೂ ಪಕ್ಕದಲ್ಲಿ ಕಂದುಗಳು ಏಳುವುವೆಂಬುದನ್ನೂ ನಮ್ಮ ತೋಟಗಾರರು ತಲೆತಲಾಂತರದಿಂದ ಬಲ್ಲರು. ಆದರೆ ಒಂದಕ್ಕೆ ಮರಣವೂ ಮತ್ತೊಂದಕ್ಕೆ ಪುನರ್ಜನ್ಮವೂ ಏತರಿಂದ ಪ್ರಾಪ್ತವಾಗುವುದೆಂಬ ವಿಚಾರವನ್ನು ಸಸ್ಯಶಾಸ್ತ್ರಜ್ಞರು ಈಚಿನ ಮೂವತ್ತು ವರ್ಷಗಳಲ್ಲಿ ಬಹುಮಟ್ಟಿಗೆ ಬಿಡಿಸಿರುತ್ತಾರೆ. ಇದು ಕೇವಲ ವಿದ್ವಾಂಸರ ಕುತೂಹಲಕ್ಕೆ ಸೇರಿದ ವಿಷಯವೆಂದು ಗ್ರಾಮದ ಮುಖಂಡರೂ ಜಮೀನುದಾರರೂ ಭಾವಿಸಬೇಕಾದುದಿಲ್ಲ. ಅಂಗಾಂಶ ಕೃಷಿಯಿಂದ ಬೆಳೆಸಿದ ಬಾಳೆಯ ಸಸಿಗಳಿಗೆ ಹಣ ತೆರುವ ಪ್ರತಿಯೊಬ್ಬ ರೈತನೂ ಈ ವಿಚಾರದ ಮೇಲೆಯೇ ತನ್ನ ಒಂದು ವರ್ಷದ ದುಡಿಮೆಯನ್ನು ಪಣವಾಗಿಟ್ಟಿರುತ್ತಾನೆ.

ಪ್ರಾಣಿಯಾಗಲಿ ಸಸ್ಯವಾಗಲಿ ಕಣ್ಣಿಗೆ ಕಾಣದಷ್ಟು ಸಣ್ಣವಾದ ಜೀವಕೋಶಗಳಿಂದ ಆಗಿರುವುದು. ಇವುಗಳಲ್ಲಿ ಬಹುಪಾಲು ಕೋಶಗಳು ಒಂದೊಂದು ಕಸುಬನ್ನು ಹಿಡಿದವು. ಎಲೆಯ ಕೋಶವು ಎಲೆಯ ಕೆಲಸವನ್ನೂ ಬೇರಿನ ಕೋಶವು ಬೇರಿನ ಕೆಲಸವನ್ನೂ ಮಾಡಿಕೊಂಡು ಕಾಲಕ್ರಮದಲ್ಲಿ ಅಳಿಯುವುವು. ಹೀಗೆ ಯಾವ ಕಸುಬನ್ನೂ ಹಿಡಿಯದೆ, ತಾವು ಇಬ್ಭಾಗವಾಗುತ್ತಾ ಹುಟ್ಟಿದವುಗಳಲ್ಲಿ ಕೆಲವನ್ನು ಕಸುಬಿಗೆ ಕಳುಹಿಸಿ, ಕೆಲವನ್ನು ತಮ್ಮಂತೆಯೇ ಉಳಿಸಿಕೊಳ್ಳುವ ಕೋಶಗಳೂ ಉಂಟು. ಇವಕ್ಕೆ ಆಕರಕೋಶಗಳೆಂದು ಹೆಸರು. ವೃತ್ತಪತ್ರಿಕೆಗಳಲ್ಲಿ ಇವನ್ನು ಕಾಂಡಕೋಶಗಳೆಂದೂ ಬರೆಯುವುದುಂಟು. ಗಿಡದ ಕಾಂಡವೆಂದು ಓದುವವರು ತಪ್ಪು ತಿಳಿಯುವರಾದುದರಿಂದ ಇಲ್ಲಿ ಆ ಹೆಸರನ್ನು ಬಿಟ್ಟಿದೆ. ಮನುಷ್ಯನ ರಕ್ತದಲ್ಲಿನ ಕೆಂಪು ಕಣಗಳು ಸುಮಾರು ೧೨೦ ದಿವಸ ಮಾತ್ರ ಬಾಳತಕ್ಕವು. ಅಳಿದವುಗಳ ಸ್ಥಾನವನ್ನು ಮೂಳೆಯ ಮಜ್ಜೆಯಲ್ಲಿರುವ ಆಕರಕೋಶಗಳು ತುಂಬುತ್ತಿರುವುವು. ಆದರೆ ಕರುವಿಗೆ ಹುಟ್ಟಿದ ಮೇಲೆ ಐದನೆಯ ಕಾಲು ಮೂಡುವುದಿಲ್ಲ. ಸಸ್ಯವು ಹಾಗಲ್ಲ. ಅದು ಬದುಕಿರುವವರೆಗೂ ಹೊಸ ಎಲೆಯನ್ನೂ ಹೊಸ ಕೊಂಬೆಯನ್ನೂ ಹೊಸ ಹೂವನ್ನೂ ಮಾಡುತ್ತಲೇ ಇರಬೇಕು. ಇದಕ್ಕೆ ಬೇಕಾದ ಆಕರಕೋಶಗಳನ್ನು ಸುಳಿಯ ತುದಿಯಲ್ಲಿಯೂ ಬೇರಿನ ತುದಿಯಲ್ಲಿಯೂ ಕಾಪಾಡಿಕೊಂಡಿರುತ್ತದೆ.

ತೆಂಗಿಗೂ ಅಡಕೆಗೂ ನೆಲದ ಮೇಲೆ ಇಂಥ ಸುಳಿಯು ಒಂದೇ ಒಂದು. ಹೊಂಬಾಳೆಗಳೆಲ್ಲ ಗರಿಗಳ ಕಂಕುಳಿನಿಂದ ಹೊರಡುವುವೇ ಹೊರತು ತುದಿಯ ಸುಳಿಯು ಹೂವಾಗಿ ಮಾರ್ಪಡುವುದಿಲ್ಲ. ಆದುದರಿಂದಲೇ ಮರವು ಹಲವು ದಶಕ ಬಾಳುವುದು. ಕೊಂಬಿನ ದುಂಬಿಯು ಸುಳಿಯ ಬುಡದವರೆಗೂ ಕೊರೆದರೆ, ಅಥವಾ ಮಳೆಗಾಲದಲ್ಲಿ ಬೂಷ್ಟು ತಗುಲಿ ಸುಳಿ ಕೊಳೆತರೆ, ಮತ್ತೆ ಚಿಗುರಿಸಲು ಬೇರೆ ಆಕರಕೋಶಗಳಿರುವುದಿಲ್ಲ. ಬಾಳೆಯ ರೀತಿಯೇ ಬೇರೆ. ನಾವು ಕಂಬವೆಂದು ಕರೆಯುವುದು ಎಲೆಗಳ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡ ಪಟ್ಟೆಯೇ. ನಿಜವಾದ ಕಾಂಡವು ನೆಲದೊಳಗಿನ ಗಡ್ಡೆ. ಅದರ ಸುಳಿಯು ಕಡೆಗೆ ಗೊನೆಯಾಗಿ ಮಾರ್ಪಟ್ಟು ಮುಗಿದುಹೋಗುವುದು. ಗಡ್ಡೆಯ ಪಕ್ಕದ ಮೊಗ್ಗುಗಳಲ್ಲಿರುವ ಆಕರಕೋಶಗಳಿಂದ ಕಂದುಗಳು ಏಳುವುವು.

ಸುಳಿಯೊಳಗೆ ಈ ಕೋಶಗಳು ಹೆಚ್ಚೂ ಆಗದೆ ಕಡಮೆಯೂ ಆಗದೆ ನಿಲ್ಲುವುದು ಹೇಗೆಂಬುದನ್ನು ಸಾಸಿವೆಯ ಕುಲಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಸಣ್ಣ ಕಳೆಯ ಮೇಲೆ ನಡೆಸಿದ ಶೋಧನೆಗಳಿಂದ ತಿಳಿದಿದ್ದಾರೆ. ಸುಳಿಯು ಪದೇ ಪದೇ ನಿಂತುಹೋಗಿ ಅಡ್ಡಾದಿಡ್ಡಿಯಾಗಿ ಚಿಗುರುವ ಒಂದು ತಳಿಯನ್ನು ಜರ್ಮನಿಯ ವಿಜ್ಞಾನಿಗಳು ೧೯೯೬ರಲ್ಲಿ ವರ್ಣಿಸಿ, ಅದರಲ್ಲಿ ಕೆಟ್ಟಿದ್ದ ಗುಣಾಣುವಿಗೆ ವುಶೆಲ್ ಎಂದು ಹೆಸರಿಟ್ಟರು. ಕೆದರಿದ ಕೂದಲೆಂದು ಆ ಭಾಷೆಯಲ್ಲಿ ಅರ್ಥ. ಸುಳಿಯ ಒಳಗಡೆ ಇರುವ ಕೆಲವೇ ಕೋಶಗಳು ವುಶೆಲ್ ಎಂಬ ಈ ವಸ್ತುವನ್ನು ತಯಾರಿಸಿ, ಮೇಲಿನ ಕೋಶಗಳು ಆಕರಕೋಶಗಳಾಗಿಯೇ ಉಳಿಯುವಂತೆ ಮಾಡುವುವು. ಮೇಲಿನ ಕೋಶಗಳು ಕ್ಲಾವಾಟ ಎಂಬ ಬೇರೊಂದು ವಸ್ತುವನ್ನು ಕೆಳಕ್ಕೆ ಕಳುಹಿಸಿ ವುಶೆಲ್ಲನ್ನು ಅಡಗಿಸುವುವು. ಕೆರೆಯ ನೀರಿನ ಮಟ್ಟವನ್ನು ನೋಡಿಕೊಂಡು ನೀರುಗಂಟಿಯು ತೂಬನ್ನು ಎತ್ತುವುದೂ ಇಳಿಸುವುದೂ ಹೇಗೋ ಹಾಗೆ, ಇವೆರಡರ ಎಳೆದಾಟದಿಂದ ಸುಳಿಯ ಗಾತ್ರವು ಒಂದು ಹದದಲ್ಲಿ ನಿಲ್ಲುವುದು.

ತೂಬು ಸಡಿಲವಾದರೆ ಏನಾಗುವುದೆಂಬುದು ಸಂತೆಯಲ್ಲಿಯೇ ಕಾಣಬರುತ್ತದೆ. ಕಾಡು ಟೊಮೇಟೊ ಹಣ್ಣಿನೊಳಗೆ ಎರಡೇ ಅರೆಗಳು. ದೊಡ್ಡ ಜಾತಿಯ ನಾಡ ಹಣ್ಣನ್ನು ಅಡ್ಡಲಾಗಿ ಕೊಯ್ದರೆ ಹಲವು ಅರೆಗಳು ಎಣಿಕೆಗೆ ಸಿಗುವುವು. ಬಹುಕಾಲದ ಹಿಂದೆ ಅಮೆರಿಕ ಖಂಡದ ರೈತರು ದಪ್ಪ ಹಣ್ಣಿನ ಬೀಜವನ್ನೇ ಆರಿಸಿ ಆರಿಸಿ ಬಿತ್ತಿದಾಗ, ತಮಗೆ ತಿಳಿಯದೆಯೇ ವುಶೆಲ್ಲಿನ ಬಳಿಯೂ ಕ್ಲಾವಾಟದ ಬಳಿಯೂ ಆದ ಮಾರ್ಪಾಟುಗಳನ್ನು ಆರಿಸಿದ್ದರು. ೨೦೧೭ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಶಾಲೆಯವರು ಇದೇ ಕ್ಲಾವಾಟದ ತೂಬನ್ನು ಬೇಕಾದಷ್ಟೇ ಸಡಿಲಿಸಿ, ಅರೆಗಳ ಸಂಖ್ಯೆಯಲ್ಲಿ ಬಗೆಬಗೆಯ ಹಣ್ಣುಗಳನ್ನು ಪಡೆದರು. ರೈತನ ಕಣ್ಣು ಶತಮಾನಗಳಲ್ಲಿ ಮಾಡಿದ ಕೆಲಸ ಇದು.

ಇನ್ನು ನಂಜುರೋಗದ ವಿಚಾರ. ಗಿಡಕ್ಕೆಲ್ಲ ನಂಜು ವ್ಯಾಪಿಸಿದ್ದರೂ ಸುಳಿಯ ಕಟ್ಟಕಡೆಯ ತುದಿಯಲ್ಲಿ ಮಾತ್ರ ಅದು ಸಾಮಾನ್ಯವಾಗಿ ಇರುವುದಿಲ್ಲ. ಇದನ್ನು ಉಪಯೋಗಿಸಿಕೊಂಡು ಫ್ರಾನ್ಸಿನ ಮೊರೆಲ್ ಮತ್ತು ಮಾರ್ಟಿನ್ ಎಂಬುವರು ೧೯೫೨ರಲ್ಲಿ ರೋಗಪೀಡಿತ ಡೇಲಿಯಾ ಗಿಡದ ತುದಿಯನ್ನು ಸೂಕ್ಷ್ಮವಾಗಿ ಕತ್ತರಿಸಿ ಗಾಜಿನ ನಳಿಗೆಯಲ್ಲಿ ಬೆಳೆಸಿ ನಿರೋಗಿಯಾದ ಗಿಡಗಳನ್ನು ಪಡೆದರು. ರಸನಾಳಗಳು ತುದಿಯವರೆಗೆ ಬೆಳೆದಿರುವುದಿಲ್ಲ, ಆದುದರಿಂದ ನಂಜಿಗೆ ದಾರಿಯಿಲ್ಲವೆಂದು ಬಹುಕಾಲ ಹೇಳುತ್ತಿದ್ದರು. ಅದಷ್ಟೇ ಕಾರಣವಲ್ಲವೆಂದು ೨೦೨೦ರಲ್ಲಿ ಚೀನಾ ದೇಶದ ಶೋಧಕರು ತೋರಿಸಿದರು. ಸೌತೆಯ ಮೊಸಾಯಿಕ್ ನಂಜನ್ನು ಅರಾಬಿಡಾಪ್ಸಿಸ್ ಗಿಡಕ್ಕೆ ಹತ್ತಿಸಿ ನೋಡಲಾಗಿ, ವುಶೆಲ್ ಇರುವ ಎಲ್ಲೆಯನ್ನು ನಂಜು ದಾಟಲಾರದೆ ನಿಂತಿತು. ನಂಜಿಗೆ ಸ್ವಂತ ಕಾರ್ಖಾನೆಯಿಲ್ಲ. ಗಿಡದ ಕೋಶದಲ್ಲಿ ಸಸಾರಜನಕ ವಸ್ತುಗಳನ್ನು ತಯಾರಿಸುವ ಏರ್ಪಾಡನ್ನೇ ಅದು ಕದ್ದು ಬಳಸಬೇಕು. ವುಶೆಲ್ ಆ ಏರ್ಪಾಡನ್ನು ತಗ್ಗಿಸಿ ಕಳ್ಳನಿಗೆ ಕೆಲಸವಿಲ್ಲದಂತೆ ಮಾಡುವುದೆಂದು ಕಂಡುಬಂದಿತು.

ಇಲ್ಲಿಯೇ ಬಾಳೆ ಬೆಳೆಯುವವರು ಎಚ್ಚರದಿಂದ ಓದತಕ್ಕದ್ದು. ನಂಜಿಲ್ಲದ ಭಾಗವು ಒಂದು ಮಿಲಿಮೀಟರಿನ ಅತ್ಯಲ್ಪ ಅಂಶ ಮಾತ್ರ. ವ್ಯಾಪಾರಕ್ಕಾಗಿ ಸಸಿ ಮಾಡುವವರು ಕಂದಿನಿಂದ ತೆಗೆಯುವ ಸುಳಿಯ ತುಂಡು ಸಾಮಾನ್ಯವಾಗಿ ಇದಕ್ಕಿಂತ ಎಷ್ಟೋ ದೊಡ್ಡದು. ಅತಿ ಸಣ್ಣ ತುಂಡು ಬದುಕುವುದು ಕಷ್ಟ. ಆದುದರಿಂದ ತಾಯಿಗಿಡದಲ್ಲಿ ಗುಚ್ಛತಲೆ ರೋಗದ ನಂಜು ಇದ್ದರೆ, ಗಾಜಿನ ಸೀಸೆಯಲ್ಲಿ ಒಂದು ಸಾವಿರವಾಗುವುದು ಸಸಿ ಮಾತ್ರವಲ್ಲ, ರೋಗವೂ ಸಾವಿರವಾಗುವುದು. ಅಂಗಾಂಶ ಸಸಿಯೆಂದ ಮಾತ್ರಕ್ಕೆ ನಂಜಿಲ್ಲವೆಂದು ನಂಬುವುದು ತಪ್ಪು. ತಾಯಿಗಿಡವನ್ನು ಪರೀಕ್ಷಿಸಿದ್ದಾರೆಯೇ ಎಂಬುದೇ ಮುಖ್ಯ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯವರು ೨೦೦೬ರಲ್ಲಿ ಇಂಥ ಸಸಿಗಳಿಗೆ ಪ್ರಮಾಣಪತ್ರ ಕೊಡುವ ಏರ್ಪಾಡನ್ನು ಮಾಡಿರುತ್ತಾರೆ. ಗ್ರಾಮದವರು ಒಟ್ಟಾಗಿ ಸಸಿ ತರಿಸುವಾಗ ಮುಖಂಡರು ತಂಡದ ಪ್ರಮಾಣಪತ್ರವನ್ನು ಕೇಳಿ ನೋಡಿಯೇ ಹಣ ಕೊಡಿಸುವುದು ಯುಕ್ತ.

ಒಂದೇ ಸುಳಿಯಿಂದ ಮಿತಿಮೀರಿ ಮರಿ ಮಾಡಿದರೆ ತಳಿಯ ಗುಣವೂ ಕೆಡುವುದುಂಟು. ಜಿ-೯ ಮೊದಲಾದ ಕ್ಯಾವೆಂಡಿಷ್ ಜಾತಿಗಳಲ್ಲಿ ಕುಳ್ಳುಗಿಡಗಳು ಹೀಗೆ ಹುಟ್ಟುವುವು. ಎಲೆಗಳು ಮೋಟಾಗಿ ಅಗಲವಾಗಿಯೂ ತೊಟ್ಟುಗಳು ಒತ್ತೊತ್ತಾಗಿಯೂ ಇರುವ ಸಸಿಯನ್ನು ನಾಟಿಗೆ ಮುಂಚೆಯೇ ಬೇರ್ಪಡಿಸಬಹುದು.

ನಂಜನಗೂಡು ರಸಬಾಳೆಯ ವಿಷಯದಲ್ಲಿ ಮತ್ತೂ ಒಂದು ಮಾತನ್ನು ಹೇಳಬೇಕಾಗಿದೆ. ಪನಾಮಾ ಸೊರಗು ರೋಗದಿಂದ ಆ ಉತ್ಕೃಷ್ಟವಾದ ಜಾತಿಯು ತನ್ನ ತವರಿನಲ್ಲಿಯೇ ಕ್ಷೀಣಿಸಿಹೋಯಿತು. ಸುಳಿಯಿಂದ ಬೆಳೆಸಿದ ರಸಬಾಳೆಯ ಸಸಿಯಲ್ಲಿ ರೋಗದ ಬೂಷ್ಟು ಇರುವುದಿಲ್ಲ, ನಿಜ. ಆದರೆ ಬೂಷ್ಟು ಮಣ್ಣಿನಲ್ಲಿ ಹಲವು ವರ್ಷ ಉಳಿಯತಕ್ಕದ್ದು, ಬೇರಿನ ಮೂಲಕ ಪ್ರವೇಶಿಸತಕ್ಕದ್ದು. ಸಸಿಯು ಶುದ್ಧವಾಗಿರುವುದು ಬೇರೆ, ರೋಗವನ್ನು ತಡೆಯುವುದು ಬೇರೆ. ಸೊರಗು ಬಂದಿದ್ದ ಜಮೀನಿನಲ್ಲಿಯೇ ಶುದ್ಧ ಸಸಿಯನ್ನು ನೆಟ್ಟು, ಅದು ಬಾಡಿದಾಗ ಸಸಿಯನ್ನು ದೂರುವುದು ನ್ಯಾಯವಲ್ಲ. ರೋಗ ಕಾಣದ ಹೊಸ ನೆಲವನ್ನು ಆರಿಸಿ, ರೋಗದ ತೋಟದ ಮಣ್ಣೂ ಬಸಿದ ನೀರೂ ಗುದ್ದಲಿಯ ಮೆತ್ತುಗೆಯೂ ಅಲ್ಲಿಗೆ ಬಾರದಂತೆ ನೋಡಿಕೊಳ್ಳಬೇಕು.

ಕಡೆಯದಾಗಿ ತೆಂಗು. ಒಂದೇ ಸುಳಿಯುಳ್ಳ ಈ ಮರವನ್ನು ಗಾಜಿನ ಸೀಸೆಯಲ್ಲಿ ಹಲವಾಗಿಸುವುದು ಬಹುಕಾಲ ಅಸಾಧ್ಯವೆನ್ನುವಷ್ಟು ಕಷ್ಟವಾಗಿತ್ತು. ೨೦೨೧ರಲ್ಲಿ ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾಲಯದವರು ತೆಂಗಿನ ಮೊಳಕೆಯ ಸುಳಿಯು ಪಕ್ಕಕ್ಕೆ ಕವಲೊಡೆಯುವಂತೆ ಮಾಡಿ, ಒಂದರಿಂದ ಹಲವು ಸಸಿಗಳನ್ನು ಪಡೆಯುವ ವಿಧಾನವನ್ನು ಪ್ರಕಟಿಸಿದರು. ಆದರೆ ಇದಕ್ಕೆ ಬೇಕಾಗುವುದು ಕಾಯಿಯೊಳಗಿನ ಮೊಳಕೆಯೇ ಹೊರತು ಬೆಳೆದ ಮರದ ಸುಳಿಯಲ್ಲ. ಮೊಳಕೆಗೆ ತಾಯಿಯೊಡನೆ ತಂದೆಯ ಗುಣವೂ ಸೇರಿರುವುದರಿಂದ, ಹೆಸರಾದ ಹಳೆಯ ಮರದ ತದ್ರೂಪವು ಈ ವಿಧಾನದಿಂದ ದೊರೆಯುವುದಿಲ್ಲ. ಅಂಥ ಮರದ ಸಸಿಯೆಂದು ಹೇಳಿ ಹೆಚ್ಚಿನ ಬೆಲೆಯನ್ನು ಕೇಳುವವರು ಬಂದರೆ, ಸಸಿಯನ್ನು ಮೊಳಕೆಯಿಂದ ಮಾಡಿದ್ದೋ ಮರದ ಭಾಗದಿಂದ ಮಾಡಿದ್ದೋ ಎಂದು ಮೊದಲು ವಿಚಾರಿಸತಕ್ಕದ್ದು.